ಕಾರ್ಖಾನೆಗೂ ಬಂತು ಮೈಕ್ರೋವೇವ್: ಸಾಲ್ವೆಂಟ್ ನಿಜಕ್ಕೂ ಮಾಯವಾಗುತ್ತಾ?

'ಎಂಟು ಗಂಟೆಯ ಕೆಲಸ ನಾಲ್ಕು ನಿಮಿಷಕ್ಕೆ.' 'ಸಾಲ್ವೆಂಟ್ ಬೇಡ, ಬಾಯ್ಲರ್ ಬೇಡ, ಹೊಗೆಯೂ ಇಲ್ಲ.' ಮೈಕ್ರೋವೇವ್ ಬಳಸಿ ರಾಸಾಯನಿಕ ತಯಾರಿಸುವ ಬಗ್ಗೆ ಬರುವ ಸುದ್ದಿಗಳ ಧಾಟಿ ಹೆಚ್ಚುಕಡಿಮೆ ಹೀಗೇ ಇರುತ್ತದೆ. ಓದಿದವರಿಗೆ ತಲೆ ಕೆಡುವುದು ಸಹಜ. ನಿನ್ನೆಯ ಅನ್ನ ಬಿಸಿ ಮಾಡುವ ಪೆಟ್ಟಿಗೆಯಲ್ಲಿ ಔಷಧಿಯ ಕಚ್ಚಾವಸ್ತು ತಯಾರಾಗುತ್ತದಾ? ಆಗುವುದಾದರೆ ಇಷ್ಟು ವರ್ಷ ಯಾಕೆ ಆಗಲಿಲ್ಲ? ಅದರ ಕಿರಣ ಹೊರಗೆ ಬಂದರೆ ಗತಿ ಏನು?

ಮಲೆನಾಡಿನವರಿಗೆ ಇದು ದೂರದ ಪ್ರಶ್ನೆ ಅಲ್ಲ. ಭದ್ರಾವತಿಯ ಉಕ್ಕಿನ ಕಾರ್ಖಾನೆ ಶುರುವಾದದ್ದೇ 'ಮೈಸೂರು ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್' ಅನ್ನುವ ಹೆಸರಲ್ಲಿ. ಸುತ್ತಲಿನ ಕಾಡಿನ ಮರವನ್ನು ಗಾಳಿಯಾಡದ ಹಾಗೆ ಕಾಯಿಸಿ ಇದ್ದಿಲು ಮಾಡುತ್ತಿದ್ದರು. ಆಗ ಬರುವ ಹೊಗೆಯನ್ನು ತಣಿಸಿ ಮೆಥನಾಲ್‌ನಂಥ ರಾಸಾಯನಿಕ ತೆಗೆಯುತ್ತಿದ್ದರು. ಅಂದರೆ ಇಲ್ಲಿನ ರಾಸಾಯನಿಕ ಉದ್ದಿಮೆಗೆ ನೂರು ವರ್ಷ ದಾಟಿದೆ. ಅದೇ ಊರಿನ ಕಾಗದದ ಕಾರ್ಖಾನೆ 2015ರಿಂದ ನಿಂತಿದೆ. ಇನ್ನೊಂದು ಕಡೆ, 2024ರ ನವೆಂಬರ್‌ನಲ್ಲಿ ತುಂಗೆಯ ನೀರು ಉಳಿಸಿ ಅಂತ ಜನ ಶೃಂಗೇರಿಯಿಂದ ಪಾದಯಾತ್ರೆ ಹೊರಟರು. ಕೆಲಸವೂ ಬೇಕು, ಹೊಳೆಯೂ ಬೇಕು. ಹೀಗಿರುವಾಗ 'ಕೊಳೆ ಇಲ್ಲದ ಕಾರ್ಖಾನೆ' ಅನ್ನುವ ಮಾತು ಕಿವಿಗೆ ಇಂಪಾಗಿಯೇ ಕೇಳುತ್ತದೆ. ಅದರಲ್ಲಿ ನಿಜ ಎಷ್ಟು, ಉತ್ಪ್ರೇಕ್ಷೆ ಎಷ್ಟು ಅಂತ ಬಿಡಿಸಿ ನೋಡುವುದು ಒಳ್ಳೆಯದು.

ಮೊದಲು ಆಲೆಮನೆಗೆ ಹೋಗೋಣ

ಸಾಲ್ವೆಂಟ್ ಅಂದರೆ ದ್ರಾವಕ. ಬೇರೆ ವಸ್ತುಗಳನ್ನು ಕರಗಿಸಿಕೊಳ್ಳುವ ದ್ರವ. ಟಾಲ್ವಿನ್, ಹೆಕ್ಸೇನ್, ಅಸಿಟೋನ್, ಮೆಥನಾಲ್ ಇವೆಲ್ಲ ಕಾರ್ಖಾನೆಗಳಲ್ಲಿ ದಿನಾ ಓಡಾಡುವ ಹೆಸರು. ಕೊನೆಗೆ ಸಿಗುವ ಸರಕಿನಲ್ಲಿ ಇವು ಇರುವುದಿಲ್ಲ, ಇರಲೂಬಾರದು. ಹಾಗಾದರೆ ಹಾಕುವುದು ಯಾಕೆ?

ಜೋನಿ ಬೆಲ್ಲ ಕಾಯಿಸುವ ಕೊಪ್ಪರಿಗೆ ನೆನಪಿಸಿಕೊಳ್ಳಿ. ಕೆಳಗೆ ಒಲೆ, ಮೇಲೆ ಕಬ್ಬಿನಹಾಲು. ಶುರುವಿನಲ್ಲಿ ಹಾಲು ತೆಳ್ಳಗಿರುತ್ತದೆ. ತಳದಲ್ಲಿ ಕಾದದ್ದು ಮೇಲೆ ಬರುತ್ತದೆ, ಮೇಲಿದ್ದದ್ದು ಕೆಳಗೆ ಹೋಗುತ್ತದೆ. ಈ ಹೊತ್ತಿನಲ್ಲಿ ನೊರೆ ತೆಗೆದರೆ ಸಾಕು, ಯಾರಿಗೂ ಅಷ್ಟು ಆತಂಕ ಇರುವುದಿಲ್ಲ. ನೀರು ಆರುತ್ತಾ ಬಂದ ಹಾಗೆ ಪಾಕ ದಪ್ಪವಾಗುತ್ತದೆ. ಗುಳ್ಳೆ ದೊಡ್ಡದಾಗಿ, ನಿಧಾನವಾಗಿ ಒಡೆಯುತ್ತದೆ. ಆಗ ಕೈ ಬಿಡುವ ಹಾಗಿಲ್ಲ, ಕೆದಕುತ್ತಲೇ ಇರಬೇಕು. ಒಂದು ನಿಮಿಷ ಮೈಮರೆತರೆ ತಳ ಹಿಡಿಯಿತು, ಬೆಲ್ಲ ಕಹಿಯಾಯಿತು.

ಇಲ್ಲಿ ನೀರು ಮೂರು ಕೆಲಸ ಮಾಡುತ್ತಿತ್ತು. ಸಕ್ಕರೆಯನ್ನು ಕರಗಿಸಿ ತೆಳ್ಳಗೆ ಇಟ್ಟಿತ್ತು. ತಳದ ಬಿಸಿಯನ್ನು ಎಲ್ಲ ಕಡೆಗೂ ಹೊತ್ತು ಒಯ್ಯುತ್ತಿತ್ತು. ಮತ್ತೆ, ನೀರು ಕುದಿಯುತ್ತಿರುವವರೆಗೂ ಬಿಸಿ ಒಂದು ಮಟ್ಟ ದಾಟದ ಹಾಗೆ ತಡೆದಿತ್ತು. ಒಲೆಗೆ ಎಷ್ಟು ದರಗು ತುಂಬಿದರೂ ಆವಿ ಜಾಸ್ತಿ ಏಳುತ್ತದೆಯೇ ಹೊರತು ಬಿಸಿ ಏರುವುದಿಲ್ಲ. ನೀರು ಮುಗಿಯುತ್ತಾ ಬಂದಾಗಲೇ ಪಾಕ 105 ಡಿಗ್ರಿ ದಾಟುವುದು.

ರಾಸಾಯನಿಕ ಕಾರ್ಖಾನೆಯ ರಿಯಾಕ್ಟರ್ ಕೂಡ ದೊಡ್ಡ ಕೊಪ್ಪರಿಗೆಯೇ. ಹೊರಗೋಡೆಯ ಸುತ್ತ ಸ್ಟೀಮ್ ಹರಿಯುತ್ತದೆ, ಒಳಗೆ ಕಲಕುವ ರೆಕ್ಕೆ ತಿರುಗುತ್ತದೆ. ಬಿಸಿ ಗೋಡೆಯಿಂದ ಒಳಗೆ ಬರಬೇಕು. ಒಳಗಿರುವುದು ಪುಡಿಯೋ ಅಂಟೋ ಆದರೆ ಗೋಡೆ ಪಕ್ಕದ್ದು ಸುಡುತ್ತದೆ, ನಡುವಿನದು ಹಸಿ ಉಳಿಯುತ್ತದೆ. ಅದಕ್ಕೇ ಸಾಲ್ವೆಂಟ್ ಸುರಿಯುತ್ತಾರೆ. ಕೆಲಸ ಮುಗಿದ ಮೇಲೆ ಅದನ್ನು ಕಾಯಿಸಿ, ಆವಿ ಮಾಡಿ, ತಣಿಸಿ ವಾಪಸ್ ಹಿಡಿಯುತ್ತಾರೆ.

ಸಾಲ್ವೆಂಟಿನ ಭಾರ

ಇದು ಸಣ್ಣ ಪ್ರಮಾಣ ಅಂದುಕೊಳ್ಳಬೇಡಿ. ಒಂದು ಕಿಲೋ ಸರಕಿಗೆ ಎಷ್ಟು ಕಿಲೋ ತ್ಯಾಜ್ಯ ಹುಟ್ಟುತ್ತದೆ ಅಂತ ಅಳೆಯುವ ಲೆಕ್ಕವನ್ನು ರೋಜರ್ ಶೆಲ್ಡನ್ ಅನ್ನುವ ರಸಾಯನ ವಿಜ್ಞಾನಿ 1992ರಲ್ಲಿ ಮುಂದಿಟ್ಟರು. ಅದಕ್ಕೆ ಇ-ಫ್ಯಾಕ್ಟರ್ ಅಂತ ಹೆಸರು. ಪೆಟ್ರೋಲ್ ಶುದ್ಧೀಕರಣದಲ್ಲಿ ಅದು ಕಿಲೋಗೆ 100 ಗ್ರಾಂಗಿಂತ ಕಡಿಮೆ. ಔಷಧಿ ಉದ್ದಿಮೆಯಲ್ಲಿ 25ರಿಂದ 100 ಕಿಲೋ, ಕೆಲವೊಮ್ಮೆ ಇನ್ನೂ ಜಾಸ್ತಿ. ಮಾಲಿನ್ಯ ಅಂದರೆ ತೈಲದ ಚಿಮಣಿ ಅಂತಲೇ ನಮಗೆ ತೋಚುತ್ತದೆ. ಆದರೆ ಕಿಲೋ ಲೆಕ್ಕದಲ್ಲಿ ಮಾತ್ರೆಯೇ ಹೆಚ್ಚು ಕೊಳೆ ಮಾಡುತ್ತದೆ. ಆ ಕೊಳೆಯಲ್ಲಿ ದೊಡ್ಡ ಪಾಲು ಸಾಲ್ವೆಂಟಿನದ್ದು.

ತೊಂದರೆ ತೂಕದ್ದೊಂದೇ ಅಲ್ಲ. ಡೈಮೀಥೈಲ್ ಫಾರ್ಮಮೈಡ್, ಅಂದರೆ ಕಾರ್ಖಾನೆ ಭಾಷೆಯಲ್ಲಿ ಡಿಎಂಎಫ್, ಲಿವರ್‌ಗೂ ಗರ್ಭದಲ್ಲಿರುವ ಮಗುವಿಗೂ ಕೆಟ್ಟದ್ದು. 2023ರ ಡಿಸೆಂಬರ್‌ನಿಂದ ಯುರೋಪಿಯನ್ ಒಕ್ಕೂಟ ಅದರ ಬಳಕೆಗೆ ಬಿಗಿ ನಿರ್ಬಂಧ ಹಾಕಿದೆ. 2024ರ ಆಗಸ್ಟ್ 21ರಂದು ಆಂಧ್ರದ ಅಚ್ಯುತಾಪುರಂನ ಔಷಧ ಕಾರ್ಖಾನೆಯೊಂದರಲ್ಲಿ ಸೋರಿದ ಸಾಲ್ವೆಂಟಿನ ಆವಿಗೆ ಬೆಂಕಿ ಹತ್ತಿ 17 ಜನ ಸತ್ತರು. ಇಂಥದ್ದೊಂದು ಆದಾಗಲೆಲ್ಲ 'ಸಾಲ್ವೆಂಟ್ ಇಲ್ಲದೆ ಆಗಲ್ವಾ?' ಅನ್ನುವ ಪ್ರಶ್ನೆ ಏಳುತ್ತದೆ. ಮೈಕ್ರೋವೇವ್ ಬರುವುದು ಇಲ್ಲಿಗೆ.

ಅಲೆ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಮೈಕ್ರೋವೇವ್ ಒಲೆಯ ಕಥೆ ಬಹಳ ಜನ ಕೇಳಿದ್ದಾರೆ. 1945ರ ಸುಮಾರಿಗೆ ಅಮೆರಿಕದ ರೇಥಿಯಾನ್ ಕಂಪನಿಯಲ್ಲಿ ರಾಡಾರ್ ಕೆಲಸ ಮಾಡುತ್ತಿದ್ದ ಪರ್ಸಿ ಸ್ಪೆನ್ಸರ್ ಅವರ ಜೇಬಿನಲ್ಲಿದ್ದ ತಿಂಡಿ ಕರಗಿತು. ಅದರಿಂದ ಒಲೆ ಹುಟ್ಟಿತು. ಅಲೆ ಹುಟ್ಟಿಸುವ ಭಾಗದ ಹೆಸರು ಮ್ಯಾಗ್ನೆಟ್ರಾನ್.

ಮನೆಯ ಒಲೆಯ ಅಲೆ ಸೆಕೆಂಡಿಗೆ 245 ಕೋಟಿ ಸಲ ಹಿಂದೆ ಮುಂದೆ ಓಲಾಡುತ್ತದೆ. ನೀರಿನ ಅಣುವಿಗೆ ಒಂದು ತುದಿ ಧನ, ಇನ್ನೊಂದು ತುದಿ ಋಣ. ಅಲೆ ತಿರುಗಿದ ಹಾಗೆ ಅದೂ ತಿರುಗಲು ಒದ್ದಾಡುತ್ತದೆ, ಪಕ್ಕದ್ದನ್ನು ಉಜ್ಜುತ್ತದೆ. ಆ ಒದ್ದಾಟವೇ ಬಿಸಿ. ಮುಖ್ಯ ಸಂಗತಿ ಇಷ್ಟೇ: ಬಿಸಿ ಗೋಡೆಯಿಂದ ಬರುವುದಿಲ್ಲ, ವಸ್ತುವಿನ ಒಳಗೇ ಹುಟ್ಟುತ್ತದೆ. ಗೋಡೆ ತಣ್ಣಗಿರಬಹುದು. ಗೋಡೆಯಿಂದ ಬಿಸಿ ಬರದಿದ್ದರೆ ತಳ ಹಿಡಿಯುವ ಕಾಟ ಕಡಿಮೆ. ಆ ಕಾಟ ಕಡಿಮೆಯಾದರೆ ಸಾಲ್ವೆಂಟ್ ಸುರಿಯಬೇಕಾದ ದೊಡ್ಡ ಕಾರಣವೊಂದು ಹೋಯಿತು.

'ರೇಡಿಯೇಷನ್' ಅಂತ ಹೆದರುವವರಿಗೆ ಒಂದು ಮಾತು. ಅಣುಗಳ ನಡುವಿನ ಬೆಸುಗೆ ಒಡೆಯಲು ಬೇಕಾದ ಶಕ್ತಿಯಲ್ಲಿ ಲಕ್ಷಕ್ಕೆ ಒಂದು ಪಾಲೂ ಮೈಕ್ರೋವೇವ್‌ನ ಒಂದು ಕಣದಲ್ಲಿ ಇರುವುದಿಲ್ಲ. ಅದು ಎಕ್ಸ್‌ರೇ ಅಲ್ಲ. ಸೋರಿದರೆ ಮೈ ಸುಡಬಹುದು, ಹಾಗಾಗಿ ಬಾಗಿಲು, ಸಂದಿ ಎಲ್ಲ ಭದ್ರ ಇರಬೇಕು. ಸ್ವಿಚ್ ತೆಗೆದರೆ ಏನೂ ಉಳಿಯುವುದಿಲ್ಲ.

1986ರಲ್ಲಿ ಕೆನಡಾ ಮತ್ತು ಅಮೆರಿಕದ ಎರಡು ತಂಡಗಳು ಅಡುಗೆಮನೆಯ ಒಲೆಯನ್ನೇ ಪ್ರಯೋಗಾಲಯಕ್ಕೆ ತಂದು ರಾಸಾಯನಿಕ ಕ್ರಿಯೆ ಮಾಡಿ ತೋರಿಸಿದವು. ಗಂಟೆಗಳ ಕೆಲಸ ನಿಮಿಷಕ್ಕೆ ಇಳಿಯಿತು. ಆದರೆ ಮುಚ್ಚಿದ ಪಾತ್ರೆಯಲ್ಲಿ ಸಾಲ್ವೆಂಟ್ ಕುದಿದರೆ ಒಡೆಯುವ ಭಯ ಇತ್ತು. ಸಾಲ್ವೆಂಟನ್ನೇ ಬಿಟ್ಟರೆ ಹೇಗೆ ಅನ್ನುವ ಯೋಚನೆಗೆ ಈ ಭಯವೂ ಒಂದು ಕಾರಣ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯಲ್ಲಿ ಕೆಲಸ ಮಾಡಿದ, ಭಾರತೀಯ ಮೂಲದ ರಾಜೇಂದರ್ ವರ್ಮ ಈ ದಾರಿಯಲ್ಲಿ ಬಹಳ ದೂರ ಹೋದರು. ಕಚ್ಚಾವಸ್ತುವನ್ನು ಜೇಡಿಮಣ್ಣು ಅಥವಾ ಅಲ್ಯುಮಿನಾ ಪುಡಿಗೆ ಸವರಿ, ಒಣಗಿದ್ದನ್ನೇ ತೆರೆದ ಪಾತ್ರೆಯಲ್ಲಿ ಮೈಕ್ರೋವೇವ್‌ಗೆ ಇಡುವ ವಿಧಾನ ಅದು.

ಇಲ್ಲಿಂದ ಜಗಳ ಶುರು. ಕೆಲವರು ಮೈಕ್ರೋವೇವ್‌ಗೆ ಬಿಸಿಯನ್ನು ಮೀರಿದ ಏನೋ ವಿಶೇಷ ಶಕ್ತಿ ಇದೆ ಅಂದರು. ಆಸ್ಟ್ರಿಯಾದ ಗ್ರಾಜ್ ವಿಶ್ವವಿದ್ಯಾಲಯದ ಆಲಿವರ್ ಕಾಪೆ ಒಪ್ಪಲಿಲ್ಲ. ಅವರ ತಂಡ 2009ರ ಸುಮಾರಿಗೆ ಒಂದು ಚಂದದ ಪರೀಕ್ಷೆ ಮಾಡಿತು. ಸಿಲಿಕಾನ್ ಕಾರ್ಬೈಡಿನ ಪಾತ್ರೆ ತೆಗೆದುಕೊಂಡರು. ಅದು ಅಲೆಯನ್ನೆಲ್ಲ ತಾನೇ ಹೀರಿ ಬಿಸಿಯಾಗುತ್ತದೆ, ಒಳಗಿನ ವಸ್ತುವಿಗೆ ಅಲೆ ತಾಗುವುದೇ ಇಲ್ಲ. ಆದರೂ ಪರೀಕ್ಷಿಸಿದ ಬಹುತೇಕ ಕ್ರಿಯೆಗಳಲ್ಲಿ ಫಲಿತಾಂಶ ಗಾಜಿನ ಪಾತ್ರೆಯಲ್ಲಿ ಬಂದದ್ದೇ ಬಂತು. ಮಾಯ ಏನೂ ಇಲ್ಲ, ಬರೀ ಬಿಸಿ ಅಂತಾಯಿತು.

ಹಾಗಾದರೆ ಎಂಟು ಗಂಟೆ ನಾಲ್ಕು ನಿಮಿಷ ಆದದ್ದು ಹೇಗೆ? ಪ್ರೆಶರ್ ಕುಕ್ಕರ್‌ನಲ್ಲಿ ಬೇಳೆ ಬೇಗ ಬೇಯುವ ಹಾಗೆಯೇ. 10 ಡಿಗ್ರಿ ಏರಿದರೆ ಕ್ರಿಯೆಯ ವೇಗ ಸುಮಾರು ಎರಡು ಪಟ್ಟು ಅನ್ನುವುದು ರಸಾಯನದ ಒಂದು ಅಂದಾಜು ಲೆಕ್ಕ. 80 ಡಿಗ್ರಿಯಲ್ಲಿ 8 ಗಂಟೆ ಹಿಡಿಯುವುದನ್ನು 150ಕ್ಕೆ ಏರಿಸಿ. ಏಳು ಸಲ ಎರಡು ಪಟ್ಟು ಆದರೆ 128 ಪಟ್ಟು. 480 ನಿಮಿಷವನ್ನು 128ರಿಂದ ಭಾಗಿಸಿದರೆ ನಾಲ್ಕು ನಿಮಿಷಕ್ಕೂ ಸ್ವಲ್ಪ ಕಡಿಮೆ. ತಲೆಬರಹದ ಗುಟ್ಟು ಇಷ್ಟೇ. ಬೇಗ, ಸಮನಾಗಿ, ತಳ ಹಿಡಿಯದೆ 150ಕ್ಕೆ ಏರಿಸಲು ಆಯಿತಲ್ಲ, ಮೈಕ್ರೋವೇವ್‌ನ ಹೆಚ್ಚುಗಾರಿಕೆ ಅದು.

ಅಡಿಕೆ ಚಪ್ಪರದ ಪಾಠ

1986ರಿಂದ ಇಲ್ಲಿವರೆಗೆ ಸುಮಾರು 40 ವರ್ಷ. ಪ್ರಯೋಗಾಲಯದಲ್ಲಿ ಗೆದ್ದದ್ದು ಕಾರ್ಖಾನೆಗೆ ಬರಲು ಯಾಕಿಷ್ಟು ತಡ? ಉತ್ತರ ಚಪ್ಪರದ ಮೇಲೆ ಹರಡಿದ ಅಡಿಕೆಯಲ್ಲಿದೆ.

ಬೇಯಿಸಿದ ಅಡಿಕೆಯನ್ನು ಯಾರೂ ರಾಶಿ ಹಾಕಿ ಒಣಗಿಸುವುದಿಲ್ಲ. ತೆಳ್ಳಗೆ ಹರಡುತ್ತಾರೆ. ಬಿಸಿಲು ಮೇಲಿನ ಪದರಕ್ಕೆ ಮಾತ್ರ ತಾಗುತ್ತದೆ. ರಾಶಿ ಹಾಕಿದರೆ ಮೇಲಿನದು ಒಣಗುತ್ತದೆ, ಒಳಗಿನದು ಬೂಸ್ಟು ಹಿಡಿಯುತ್ತದೆ. ಬೆಳೆ ದುಪ್ಪಟ್ಟಾದರೆ ರಾಶಿಯ ಎತ್ತರ ದುಪ್ಪಟ್ಟು ಮಾಡುವುದಿಲ್ಲ, ಚಪ್ಪರ ದೊಡ್ಡದು ಮಾಡುತ್ತಾರೆ.

ಮೈಕ್ರೋವೇವ್‌ಗೂ ಇದೇ ಮಿತಿ. ಅಲೆ ಒಳಗೆ ಹೋಗುತ್ತದೆ ನಿಜ, ಆದರೆ ಹೋಗುತ್ತಾ ಹೋಗುತ್ತಾ ಸೋಲುತ್ತದೆ. ಮನೆಯ ಒಲೆಯ ಅಲೆ ಸಾಧಾರಣ ನೀರಿನಲ್ಲಿ ಎರಡು ಸೆಂಟಿಮೀಟರ್ ಇಳಿಯುವಷ್ಟರಲ್ಲಿ ಶಕ್ತಿಯ ಹೆಚ್ಚಿನ ಪಾಲು ಕಳೆದುಕೊಂಡಿರುತ್ತದೆ. 50 ಗ್ರಾಂ ಹಿಡಿಯುವ ಪ್ರಯೋಗಾಲಯದ ಸೀಸೆಗೆ ಇದು ಲೆಕ್ಕಕ್ಕೇ ಇಲ್ಲ. ಎರಡು ಮೀಟರ್ ಅಗಲದ ರಿಯಾಕ್ಟರ್‌ಗೆ ಇದು ಗೋಡೆ. ಹೊರಗಿನ ಎರಡು ಮೂರು ಸೆಂಟಿಮೀಟರ್ ಕಾಯುತ್ತದೆ, ನಡುವೆ ತಣ್ಣಗೆ. ತಮಾಷೆ ನೋಡಿ, ಗೋಡೆಯಿಂದ ಕಾಯಿಸುವ ಕಾಟ ತಪ್ಪಿಸಲು ತಂದದ್ದು ದೊಡ್ಡ ಪಾತ್ರೆಯಲ್ಲಿ ಮತ್ತೆ ಅಂಚಿನಿಂದಲೇ ಕಾಯಿಸತೊಡಗಿತು.

ಇನ್ನೊಂದು ಉಪದ್ರವ ಇದೆ. ಫ್ರಿಜ್ಜಿನಿಂದ ತೆಗೆದ ಸಾಂಬಾರ್ ಮೈಕ್ರೋವೇವ್‌ನಲ್ಲಿ ಒಂದು ಕಡೆ ಕೊತಕೊತ, ಇನ್ನೊಂದು ಕಡೆ ತಣ್ಣಗೆ ಇರುತ್ತದಲ್ಲ, ಅದು. ಪೆಟ್ಟಿಗೆಯೊಳಗೆ ಅಲೆ ಅಲ್ಲಲ್ಲಿ ಜೋರು, ಅಲ್ಲಲ್ಲಿ ಮಂದ. ತಟ್ಟೆ ತಿರುಗುವುದು ಅದಕ್ಕೇ. ಮೇಲಾಗಿ ಮಂಜುಗಡ್ಡೆ ಅಲೆಯನ್ನು ಹೀರುವುದು ಬಹಳ ಕಡಿಮೆ, ಕರಗಿದ ನೀರು ಜಾಸ್ತಿ ಹೀರುತ್ತದೆ. ಹಾಗಾಗಿ ಮೊದಲು ಕರಗಿದ ಜಾಗ ಇನ್ನಷ್ಟು ಬೇಗ ಕಾಯುತ್ತದೆ. ಹಲವು ಘನ ವಸ್ತುಗಳಿಗೂ ಇಂಥದ್ದೇ ಚಾಳಿ, ಕಾದಷ್ಟೂ ಹೆಚ್ಚು ಹೀರುತ್ತವೆ. ಸಾಂಬಾರ್ ಆದರೆ ಚಮಚದಲ್ಲಿ ಕಲಕಿ ತಿನ್ನಬಹುದು. ಐದು ಟನ್ ಕಚ್ಚಾವಸ್ತುವಿನ ನಡುವೆ ಅಂಗೈಯಗಲದ ಜಾಗ 300 ಡಿಗ್ರಿಗೆ ಏರಿದರೆ ಅದು ಅಪಘಾತ.

ಪರಿಹಾರವೂ ಚಪ್ಪರದ್ದೇ. ಪಾತ್ರೆ ದೊಡ್ಡದು ಮಾಡಬೇಡಿ, ತೆಳ್ಳಗೆ ಹರಿಯಬಿಡಿ. ಪುಡಿಯಾದರೆ ಬೆಲ್ಟಿನ ಮೇಲೆ ತೆಳ್ಳಗೆ ಹರಡಿ ಅಲೆಯ ಸುರಂಗದಲ್ಲಿ ಸಾಗಿಸುವುದು. ದ್ರವವಾದರೆ ಕೊಳವೆಯಲ್ಲೋ, ಕಾಲುವೆಯ ಹಾಗೆ ಅಡ್ಡ ಮಲಗಿಸಿದ ಪಾತ್ರೆಯಲ್ಲೋ ಕಲಕುತ್ತಾ ಹರಿಸುವುದು. ಒಂದು ಕಡೆ ಹಾಕಿದರೆ ಇನ್ನೊಂದು ಕಡೆ ಬರುತ್ತಲೇ ಇರಬೇಕು. ಬ್ಯಾಚ್ ಲೆಕ್ಕ ಬಿಟ್ಟು ಹರಿವಿನ ಲೆಕ್ಕ.

ಈ ದಾರಿಯಲ್ಲಿ ಹೋಗಿ ದೊಡ್ಡ ಮಟ್ಟದಲ್ಲಿ ಮಾಡಿ ತೋರಿಸಿದ್ದು ಜಪಾನಿನ ಮೈಕ್ರೋವೇವ್ ಕೆಮಿಕಲ್ ಕಂಪನಿ. 2007ರಲ್ಲಿ ಶುರುವಾದ ಈ ಕಂಪನಿ 2014ರಲ್ಲಿ ಒಸಾಕಾದಲ್ಲಿ ಕಾರ್ಖಾನೆ ಕಟ್ಟಿತು. ಅಲ್ಲಿ ತಯಾರಿಸಲು ಹೊರಟದ್ದು ಕೊಬ್ಬಿನಾಮ್ಲದ ಎಸ್ಟರ್, ಶಾಯಿಯಂಥ ಸರಕಿಗೆ ಬೇಕಾಗುವಂಥದ್ದು. ಅದಕ್ಕೂ ಮೊದಲಿಂದಲೇ ರಬ್ಬರ್ ಗಟ್ಟಿ ಮಾಡಲು, ಹೆಪ್ಪುಗಟ್ಟಿದ ಮಾಂಸ ಮೆದು ಮಾಡಲು ಬೇರೆ ದೇಶಗಳಲ್ಲಿ ಮೈಕ್ರೋವೇವ್ ಸುರಂಗಗಳಿವೆ. ಅಂದರೆ ದೊಡ್ಡ ಯಂತ್ರ ಹೊಸದಲ್ಲ, ಅದರೊಳಗೆ ರಸಾಯನ ಮಾಡುವುದು ಹೊಸದು.

ಮೊಬೈಲ್ ಜೊತೆ ತಿಕ್ಕಾಟ

ಕಾರ್ಖಾನೆಗೆ ಬೇಕಾದ ದೊಡ್ಡ ಮ್ಯಾಗ್ನೆಟ್ರಾನ್‌ಗಳು ಸಾಮಾನ್ಯವಾಗಿ 915 ಮೆಗಾಹರ್ಟ್ಸ್‌ನವು. ಒಂದೊಂದು 100 ಕಿಲೋವ್ಯಾಟ್‌ವರೆಗೂ ಸಿಗುತ್ತವೆ, ಅಲೆ ಹೆಚ್ಚು ಆಳಕ್ಕೆ ಹೋಗುತ್ತದೆ, ಕರೆಂಟಿನಲ್ಲಿ ನೂರಕ್ಕೆ 85 ಪಾಲು ಅಲೆಯಾಗುತ್ತದೆ. ಮನೆಯ ಒಲೆಯ 2,450 ಮೆಗಾಹರ್ಟ್ಸ್‌ನಲ್ಲಿ 65ರಿಂದ 70 ಪಾಲು ಅಷ್ಟೇ.

ಆದರೆ ಅಂತರರಾಷ್ಟ್ರೀಯ ಒಪ್ಪಂದದಲ್ಲಿ 915ರ ಆಸುಪಾಸನ್ನು ಕೈಗಾರಿಕೆಗೆ ಬಿಟ್ಟಿರುವುದು ಅಮೆರಿಕ ಖಂಡಗಳಲ್ಲಿ. ನಮ್ಮಲ್ಲಿ 890ರಿಂದ 915, 935ರಿಂದ 960 ಮೊಬೈಲ್ ಫೋನಿನ ಜಾಗ. ಸರಿಯಾದ ಕವಚ, ಅನುಮತಿ ಇಲ್ಲದೆ ಇದನ್ನು ನಡೆಸಿದರೆ ಸುತ್ತಲಿನ ಟವರ್‌ಗಳಿಗೆ ಕಿರಿಕಿರಿ. ಮೊದಲೇ ಸಿಗ್ನಲ್‌ಗಾಗಿ ಗುಡ್ಡ ಹತ್ತುವ ಮಲೆನಾಡಿನಲ್ಲಿ ಇದು ನಗುವ ವಿಷಯ ಅಲ್ಲ. 2,450 ಎಲ್ಲ ಕಡೆಯೂ ನಡೆಯುತ್ತದೆ. ಆದರೆ ಆಗ ಯಂತ್ರ ಸಣ್ಣದು, ಪದರ ಇನ್ನೂ ತೆಳ್ಳಗೆ.

ಕರೆಂಟಿನ ಲೆಕ್ಕ: ಉಳಿತಾಯ ಎಲ್ಲಿದೆ?

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗಬೇಕು. ಬಹಳಷ್ಟು ಸುದ್ದಿಗಳು ದಾರಿ ತಪ್ಪುವುದು ಇಲ್ಲೇ.

ಎಣ್ಣೆಯಂಥ ಕಚ್ಚಾವಸ್ತುವನ್ನು 30ರಿಂದ 130 ಡಿಗ್ರಿಗೆ ಏರಿಸಲು ಕಿಲೋಗೆ ಸುಮಾರು 200 ಕಿಲೋಜೂಲ್ ಸಾಕು. ಅಂದರೆ ಯೂನಿಟ್ಟಿನ 18ನೇ ಒಂದು ಪಾಲು. 100 ಕಿಲೋವ್ಯಾಟ್‌ನ ಒಂದು ಯಂತ್ರದಿಂದ ನೂರಕ್ಕೆ 80 ಪಾಲು ವಸ್ತುವಿಗೆ ತಾಗಿದರೂ ಗಂಟೆಗೆ 1,400 ಕಿಲೋ ಕಾಯಿಸಬಹುದು. ಹೆಚ್ಚು ಬೆಲೆಯ ರಾಸಾಯನಿಕಕ್ಕೆ ಇದು ಸಣ್ಣ ಪ್ರಮಾಣವೇನಲ್ಲ.

ಈಗ ಅದೇ ಯಂತ್ರದಲ್ಲಿ ನೀರು ಆರಿಸಿ ನೋಡಿ. ಕುದಿಯುವ ಒಂದು ಕಿಲೋ ನೀರನ್ನು ಆವಿ ಮಾಡಲು 0.63 ಯೂನಿಟ್ ಬೇಕು. ಅಷ್ಟೇ ಶಕ್ತಿಗೆ ಗಂಟೆಗೆ 127 ಕಿಲೋ ನೀರು ಹೋಗುತ್ತದೆ, ಅಷ್ಟೇ. ಮೈಕ್ರೋವೇವ್‌ನಲ್ಲಿ ಅಡಿಕೆ ಒಣಗಿಸುವ ಕನಸು ಕಾಣುವವರು ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಬಿಸಿಲಿಗೆ ಬಿಲ್ ಬರುವುದಿಲ್ಲ. ಒಂದು ಕಿಲೋ ಒಣ ಕಟ್ಟಿಗೆಯಲ್ಲಿ ಸುಮಾರು 4 ಯೂನಿಟ್ಟಿನಷ್ಟು ಶಾಖ ಇದೆ. ನೀರು ಆರಿಸುವುದರಲ್ಲಿ ಮೈಕ್ರೋವೇವ್ ಇವುಗಳ ಜೊತೆ ಹಣದಲ್ಲಿ ಗೆಲ್ಲುವುದು ಕಷ್ಟ.

ಮೂರನೇ ಲೆಕ್ಕ ಎಲ್ಲಕ್ಕಿಂತ ಮುಖ್ಯ. ಒಂದು ಕಿಲೋ ಸರಕಿಗೆ 10 ಕಿಲೋ ಟಾಲ್ವಿನ್ ಹಾಕಿದ್ದಾರೆ ಅಂದುಕೊಳ್ಳಿ. ಕೊನೆಗೆ ಅದನ್ನು ಆವಿ ಮಾಡಿ ತೆಗೆಯಲೇಬೇಕು. ಬರೀ ಆವಿ ಮಾಡಲು ಸುಮಾರು 1 ಯೂನಿಟ್ ಶಾಖ. ಸರಕನ್ನು ಕಾಯಿಸಲು ಬೇಕಾದದ್ದರ 18 ಪಟ್ಟು. ಈ 1 ಯೂನಿಟ್ ಉಳಿದದ್ದು ಮೈಕ್ರೋವೇವ್ ಚೆನ್ನಾಗಿ ಕಾಯಿಸಿದ್ದಕ್ಕಲ್ಲ, ಟಾಲ್ವಿನ್ ಹಾಕದೇ ಇದ್ದದ್ದಕ್ಕೆ. ಸಾಲ್ವೆಂಟ್ ಹಾಗೇ ಇಟ್ಟುಕೊಂಡು ಸ್ಟೀಮ್ ಜಾಗಕ್ಕೆ ಮೈಕ್ರೋವೇವ್ ತಂದರೆ ಅಗ್ಗದ ಶಾಖ ಬಿಟ್ಟು ದುಬಾರಿ ಕರೆಂಟ್ ಸುಟ್ಟ ಹಾಗೆ. ಅದಕ್ಕೆ ಹಸಿರು ಬಣ್ಣ ಬಳಿದರೂ ಲೆಕ್ಕ ಬದಲಾಗುವುದಿಲ್ಲ.

ಮತ್ತೆ ಕರೆಂಟ್ ಎಲ್ಲಿಂದ? ಕಲ್ಲಿದ್ದಲಿನಿಂದ ಬಂದರೆ ಸ್ಥಾವರದಲ್ಲಿ ಮೂರು ಪಾಲು ಶಾಖ ಸುಟ್ಟು ಒಂದು ಪಾಲು ಕರೆಂಟ್ ಪಡೆದಿರುತ್ತೇವೆ. ಹೊಗೆ ಇಲ್ಲಿ ಏಳದೆ ರಾಯಚೂರಿನಲ್ಲಿ ಎದ್ದಿತು, ಅಷ್ಟೇ. 'ನಮ್ಮ ಶರಾವತಿಯ ನೀರಿನ ಕರೆಂಟ್ ಇದೆಯಲ್ಲ' ಅನ್ನಬಹುದು. ಶರಾವತಿಯ 1,035 ಮೆಗಾವ್ಯಾಟ್ ಹೋಗುವುದು ಇಡೀ ರಾಜ್ಯದ ಜಾಲಕ್ಕೆ. ಅದೇ ಕಣಿವೆಯಲ್ಲಿ ಈಗ 2,000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ (ನೀರನ್ನು ಮೇಲಕ್ಕೆ ಪಂಪ್ ಮಾಡಿಟ್ಟು ಬೇಕಾದಾಗ ಕರೆಂಟ್ ತೆಗೆಯುವ) ಯೋಜನೆಗೆ ವಿರೋಧ ನಡೆದಿದೆ. ಕಾಯಿಸುವ ಕೆಲಸವೆಲ್ಲ ಕರೆಂಟಿಗೆ ಬದಲಾದರೆ ಅಂಥ ಯೋಜನೆಗಳ ಮೇಲಿನ ಒತ್ತಡವೂ ಏರುತ್ತದೆ. ಕಾರ್ಖಾನೆಯ ಗೇಟಿನ ಒಳಗಷ್ಟೇ ನೋಡಿ 'ಮಾಲಿನ್ಯ ಇಲ್ಲ' ಅನ್ನಲಾಗದು.

ಕರೆಂಟಿನ ಪರವಾಗಿ ಒಂದು ಮಾತಿದೆ. ಬಾಯ್ಲರ್ ಕಾಯಲು ಹೊತ್ತು ಬೇಕು, ಆರಲೂ ಹೊತ್ತು ಬೇಕು. ಮೈಕ್ರೋವೇವ್ ಸ್ವಿಚ್ ಹಾಕಿದಾಗ ಶುರು, ತೆಗೆದಾಗ ಬಂದ್. ಹಗಲು ಸೋಲಾರ್ ಕರೆಂಟ್ ಅಗ್ಗವಾಗಿ ಸಿಗುವ ಹೊತ್ತಲ್ಲಿ ಓಡಿಸಿ ಸಂಜೆ ನಿಲ್ಲಿಸಬಹುದು. ಜುಲೈ ತಿಂಗಳಲ್ಲಿ ಮರ ಬಿದ್ದು ಲೈನ್ ಹೋದಾಗ ಏನು ಮಾಡುವುದು ಅನ್ನುವುದು ಮೆಸ್ಕಾಂ ಗ್ರಾಹಕರಿಗೆ ಗೊತ್ತಿರುವ ಪ್ರಶ್ನೆಯೇ.

ಇಂಜಿನಿಯರುಗಳ ಎರಡು ತಕರಾರು

ಕಾರ್ಖಾನೆ ನಡೆಸಿ ಅನುಭವ ಇರುವವರು ಎತ್ತುವ ಮೊದಲ ಆಕ್ಷೇಪ ಸುರಕ್ಷತೆಯದ್ದು. ಆಲೆಮನೆಯಲ್ಲಿ ನೀರು ಮಾಡುತ್ತಿದ್ದ ಮೂರನೇ ಕೆಲಸ ನೆನಪಿದೆಯಲ್ಲ, ಬಿಸಿ ಒಂದು ಮಟ್ಟ ದಾಟದ ಹಾಗೆ ತಡೆಯುವುದು. ಸಾಲ್ವೆಂಟ್ ಕೂಡ ಅದನ್ನೇ ಮಾಡುತ್ತದೆ. ಎಷ್ಟೋ ಕ್ರಿಯೆಗಳು ತಾವೇ ಬಿಸಿ ಹುಟ್ಟಿಸುತ್ತವೆ. ಸಾಲ್ವೆಂಟ್ ಇದ್ದರೆ ಆ ಬಿಸಿ ಅದರಲ್ಲಿ ಹಂಚಿಹೋಗುತ್ತದೆ, ತೀರಾ ಜಾಸ್ತಿಯಾದರೆ ಸಾಲ್ವೆಂಟ್ ಕುದಿದು ಬಿಸಿ ಹೊತ್ತೊಯ್ಯುತ್ತದೆ. ಅದನ್ನು ತೆಗೆದರೆ ಬ್ರೇಕ್ ತೆಗೆದ ಹಾಗೆ. ಹೊತ್ತಿಕೊಳ್ಳುವ ಆವಿಯ ಅಪಾಯ ಹೋಯಿತು, ಕ್ರಿಯೆಯೇ ಕೈಮೀರುವ ಅಪಾಯ ಬಂತು. ತೆಳ್ಳಗಿನ ಹರಿವಿನಲ್ಲಿ ಒಂದು ಹೊತ್ತಿಗೆ ಒಳಗಿರುವ ವಸ್ತು ಕಡಿಮೆ, ಹಾಗಾಗಿ ಕೆಟ್ಟರೂ ಕೆಡುವುದು ಸ್ವಲ್ಪ ಅನ್ನುವುದು ಇದಕ್ಕೆ ಬರುವ ಉತ್ತರ. ಉತ್ತರ ಸರಿಯೇ. ಆದರೆ ಅದು ಹರಿವಿನ ಗುಣ, ಮೈಕ್ರೋವೇವ್‌ನದ್ದಲ್ಲ.

ಎರಡನೇ ತಕರಾರು ಇನ್ನೂ ಚೂಪು. ಕ್ರಿಯೆ ಸಾಲ್ವೆಂಟ್ ಇಲ್ಲದೆ ಮುಗಿಯಿತು, ಸರಿ. ಆಮೇಲೆ? ಜೇಡಿಮಣ್ಣಿಗೆ ಅಂಟಿರುವ ಸರಕನ್ನು ಬಿಡಿಸುವುದು ಹೇಗೆ? ತೊಳೆಯಬೇಕು, ಬೇಡದ ಅಂಶ ಬೇರೆ ಮಾಡಬೇಕು, ಹರಳುಗಟ್ಟಿಸಬೇಕು. ಇವಕ್ಕೆಲ್ಲ ಸಾಲ್ವೆಂಟ್ ಬೇಕು. ಎಷ್ಟೋ ಸಲ ಕ್ರಿಯೆಗಿಂತ ಈ ತೊಳೆಯುವ ಕೆಲಸಕ್ಕೇ ಜಾಸ್ತಿ. ಪ್ರಬಂಧದ ತಲೆಬರಹದಲ್ಲಿ 'ಸಾಲ್ವೆಂಟ್ ಇಲ್ಲದ ವಿಧಾನ' ಅಂತಿರುತ್ತದೆ. ಒಳಗೆ ವಿಧಾನ ವಿವರಿಸುವಾಗ 'ನಂತರ ಈಥೈಲ್ ಅಸಿಟೇಟ್‌ನಲ್ಲಿ ಮೂರು ಸಲ ತೊಳೆಯಿರಿ' ಅಂತ ಸುಮ್ನೆ ಒಂದು ಸಾಲು ಬರುತ್ತದೆ. ಕೊಳೆ ಅಡಗಿರುವುದು ಆ ಸಾಲಿನಲ್ಲಿ.

ಮೈಕ್ರೋವೇವ್ ಒಂದೇ ದಾರಿಯೂ ಅಲ್ಲ. ಪ್ಲಾಸ್ಟಿಕ್ ಉದ್ದಿಮೆಯ ಎಕ್ಸ್‌ಟ್ರೂಡರ್ ಒಳಗೆ ಸ್ಕ್ರೂ ತಿರುಗಿಸಿ, ಅರೆದು, ಒತ್ತಿ ಕ್ರಿಯೆ ನಡೆಸುವ ವಿಧಾನ ಇದೆ. ರಸಾಯನ ವಿಜ್ಞಾನದ ಅಂತರರಾಷ್ಟ್ರೀಯ ಒಕ್ಕೂಟ ಐಯುಪಿಎಸಿ 2019ರಲ್ಲಿ ಪ್ರಕಟಿಸಿದ ಹತ್ತು ಭರವಸೆಯ ತಂತ್ರಗಳ ಪಟ್ಟಿಯಲ್ಲಿ ಅದೂ ಒಂದು. ಅದಕ್ಕೂ ಸಾಲ್ವೆಂಟ್ ಬೇಡ. ಯಂತ್ರ ಹಳೆಯದು, ರಿಪೇರಿ ಮಾಡುವವರೂ ಸುಲಭವಾಗಿ ಸಿಗುತ್ತಾರೆ.

ಮಲೆನಾಡಿಗೆ ಹೊಂದುವುದು ಯಾವುದು?

ಮೇಲಿನ ಲೆಕ್ಕಗಳಿಂದ ಒಂದು ಜರಡಿ ಸಿಗುತ್ತದೆ. ಪ್ರಮಾಣ ಕಡಿಮೆ, ಕಿಲೋ ಬೆಲೆ ಜಾಸ್ತಿ, ಈಗ ಸಾಲ್ವೆಂಟ್ ಅಥವಾ ವಿಪರೀತ ಹೊತ್ತು ಹಿಡಿಯುವಂಥದ್ದು, ಕೊನೆಗೆ ತೊಳೆಯುವ ಕೆಲಸ ಇಲ್ಲದ್ದು. ಇಂಥದ್ದಕ್ಕೆ ಮೈಕ್ರೋವೇವ್ ಒಪ್ಪುತ್ತದೆ. ಈ ಜರಡಿಯಲ್ಲಿ ಉಳಿಯುವುದು ಬಲ್ಕ್ ರಾಸಾಯನಿಕ ಅಲ್ಲ, ಸುಗಂಧದ ಎಣ್ಣೆ.

ಫ್ರಾನ್ಸಿನ ಫರೀದ್ ಶೆಮಾ ಮತ್ತು ಜೊತೆಗಾರರು 2004ರಲ್ಲಿ ಪ್ರಕಟಿಸಿದ ಒಂದು ವಿಧಾನದಲ್ಲಿ ನೀರನ್ನೂ ಹಾಕುವುದಿಲ್ಲ, ಸಾಲ್ವೆಂಟನ್ನೂ ಹಾಕುವುದಿಲ್ಲ. ಹಸಿ ಸೊಪ್ಪಿನೊಳಗಿನ ನೀರನ್ನೇ ಮೈಕ್ರೋವೇವ್ ಕಾಯಿಸುತ್ತದೆ. ಎಣ್ಣೆಯ ಚೀಲ ಒಡೆದು ಆವಿಯ ಜೊತೆ ಎಣ್ಣೆ ಬರುತ್ತದೆ. ಪುದೀನದಂಥ ಸೊಪ್ಪುಗಳಲ್ಲಿ ನಾಲ್ಕೂವರೆ ಗಂಟೆಯ ಭಟ್ಟಿ ಅರ್ಧ ಗಂಟೆಗೆ ಇಳಿಯಿತು. 2007ರಲ್ಲಿ ಇದೇ ವಿಧಾನವನ್ನು ಏಲಕ್ಕಿಯ ಮೇಲೂ ಪರೀಕ್ಷಿಸಿದರು. ಇದು ಹೊಸ ರಾಸಾಯನಿಕ ತಯಾರಿಸುವುದಲ್ಲ, ಇರುವುದನ್ನು ಹೊರಗೆ ತೆಗೆಯುವುದು ಅಷ್ಟೇ. ಆದರೆ ಯಂತ್ರದ ಕಷ್ಟಸುಖ ಒಂದೇ.

ಏಲಕ್ಕಿ, ಮಜ್ಜಿಗೆಹುಲ್ಲು, ದಾಲ್ಚಿನ್ನಿ ಎಲೆ ಇವೆಲ್ಲ ಈ ಸಾಲಿಗೆ ಬರುತ್ತವೆ. ಶ್ರೀಗಂಧ ಅಷ್ಟು ಸಲೀಸಲ್ಲ. ಶಿವಮೊಗ್ಗದಲ್ಲಿ 1944ರಲ್ಲೇ ಗಂಧದೆಣ್ಣೆ ಕಾರ್ಖಾನೆ ಶುರುವಾಗಿತ್ತು. ಗಂಧದ ಚೆಕ್ಕೆಯ ಪುಡಿಯಿಂದ ಸ್ಟೀಮ್‌ನಲ್ಲಿ ಎಣ್ಣೆ ಇಳಿಸಲು ದಿನಗಟ್ಟಲೆ ಬೇಕು, ಹಾಗಾಗಿ ಹೊತ್ತು ಉಳಿಸುವ ಆಸೆ ಸಹಜ. ಆದರೆ ಚೆಕ್ಕೆಯಲ್ಲಿ ನೀರು ಕಡಿಮೆ, ನೆನೆಸಬೇಕು. ಒಣಗಿದ ಜಾಗ ಸೀದರೆ ವಾಸನೆ ಕೆಡುತ್ತದೆ. ಗಂಧದಲ್ಲಿ ವಾಸನೆ ಕೆಟ್ಟರೆ ಉಳಿಯುವುದಾದರೂ ಏನು?

ಕಾಳುಮೆಣಸಿನ ವಿಷಯ ಕುತೂಹಲದ್ದು. ಮೆಣಸಿನ ಪರಿಮಳ ಅದರ ಎಣ್ಣೆಯಲ್ಲಿದೆ, ಖಾರ ಪೈಪರಿನ್‌ನಲ್ಲಿದೆ. ಪರಿಮಳ ಆವಿಯ ಜೊತೆ ಬರುತ್ತದೆ, ಖಾರ ಬರುವುದಿಲ್ಲ. ಎರಡೂ ಇರುವ ಮಂದ ಸಾರ, ಅಂದರೆ ಓಲಿಯೋರೆಸಿನ್, ತೆಗೆಯಲು ಹೆಕ್ಸೇನ್, ಅಸಿಟೋನ್ ಬಳಸುತ್ತಾರೆ. ಅಮೆರಿಕಕ್ಕೆ ಹೋಗುವ ಸರಕಿನಲ್ಲಿ ಹೆಕ್ಸೇನ್ ಹತ್ತು ಲಕ್ಷಕ್ಕೆ 25 ಪಾಲು, ಅಸಿಟೋನ್ 30 ಪಾಲು ಮೀರುವಂತಿಲ್ಲ. ಮೈಕ್ರೋವೇವ್ ಇಲ್ಲಿ ಅರ್ಧ ಕೆಲಸ ಮಾತ್ರ ಮಾಡೀತು.

ಹೊಂಗೆ ಎಣ್ಣೆಯಿಂದ ಬಯೋಡೀಸೆಲ್ ಮಾಡುವುದು ಒಸಾಕಾದ ಕೆಲಸಕ್ಕೆ ಹತ್ತಿರದ ನೆಂಟ. ಅದಕ್ಕೆ ಮೆಥನಾಲ್ ಬೇಕು, ಸಾಲ್ವೆಂಟ್ ಆಗಿ ಅಲ್ಲ, ಕಚ್ಚಾವಸ್ತುವಾಗಿ. ಭದ್ರಾವತಿಯಲ್ಲಿ ಒಂದು ಕಾಲಕ್ಕೆ ಮರದಿಂದಲೇ ಮೆಥನಾಲ್ ಇಳಿಸುತ್ತಿದ್ದರು ಅನ್ನುವುದು ಇಲ್ಲಿ ಸುಮ್ನೆ ನೆನಪಾಗುವ ಸಂಗತಿ. ಡೀಸೆಲ್ ಬೆಲೆಗೆ ಮಾರಬೇಕಾದ ಸರಕಿಗೆ ಈ ದುಬಾರಿ ಯಂತ್ರ ಗಿಟ್ಟುವುದು ಕಷ್ಟ.

ಪರಿಣಾಮಗಳ ಲೆಕ್ಕದಲ್ಲಿ ಇನ್ನೊಂದು ಬಾಬ್ತು ಉದ್ಯೋಗದ್ದು. ಹರಿವಿನ ಯಂತ್ರಕ್ಕೆ ಕೈಗಳು ಕಡಿಮೆ ಸಾಕು. ಡ್ರಮ್ ಉರುಳಿಸುವ, ಪುಡಿ ಸುರಿಯುವ ಕೆಲಸ ಹೋಗಿ ಎಲೆಕ್ಟ್ರಾನಿಕ್ಸ್ ಬಲ್ಲವರ ಕೆಲಸ ಬರುತ್ತದೆ. ಆವಿ ಕುಡಿದು ಆರೋಗ್ಯ ಹಾಳಾಗುವುದು ತಪ್ಪುತ್ತದೆ, ಅದು ದೊಡ್ಡ ಲಾಭವೇ. ಆದರೆ ನೂರಾರು ಜನರಿಗೆ ಕೆಲಸ ಸಿಗುತ್ತದೆ ಅಂತ ಯಾರಾದರೂ ಹೇಳಿದರೆ ಎರಡು ಸಲ ಯೋಚಿಸಿ.

ರಾಸಾಯನಿಕ ತಯಾರಿಕೆ ಮಾಲಿನ್ಯ ನಿಯಂತ್ರಣ ಮಂಡಳಿಯ ಕೆಂಪು ಪಟ್ಟಿಗೆ, ಅಂದರೆ ಹೆಚ್ಚು ಮಾಲಿನ್ಯ ಮಾಡುವ ಉದ್ದಿಮೆಗಳ ಪಟ್ಟಿಗೆ, ಸೇರುವಂಥದ್ದು. 'ಸಾಲ್ವೆಂಟ್ ಇಲ್ಲ' ಅನ್ನುವ ಹಣೆಪಟ್ಟಿ ಹಚ್ಚಿಕೊಂಡು ಆ ಪಟ್ಟಿಯಿಂದ ನುಣುಚಿಕೊಳ್ಳುವ ಪ್ರಯತ್ನ ಮುಂದೆ ಬರಬಹುದು. ನಾಳೆ ಶಿವಮೊಗ್ಗ ಬಳಿಯ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲೋ ಇನ್ನೆಲ್ಲೋ ಇಂಥ ಕಾರ್ಖಾನೆಯ ಪ್ರಸ್ತಾಪ ಬಂದು, ಸಾರ್ವಜನಿಕ ಅಹವಾಲು ಸಭೆಯಲ್ಲಿ ದಪ್ಪನೆಯ ವರದಿ ಕೈಗೆ ಸಿಕ್ಕರೆ ಯಂತ್ರದ ಬಣ್ಣದ ಚಿತ್ರ ಇರುವ ಪುಟ ಬಿಡಿ. ವರ್ಷಕ್ಕೆ ಕೊಳ್ಳುವ ಕಚ್ಚಾವಸ್ತುಗಳ ಪಟ್ಟಿ ತೆಗೆಯಿರಿ. ಅದರಲ್ಲಿ ಈಥೈಲ್ ಅಸಿಟೇಟ್, ಮೆಥನಾಲ್, ಟಾಲ್ವಿನ್ ಎಷ್ಟು ಟ್ಯಾಂಕರ್ ಅಂತ ಬರೆದಿರುತ್ತದೆ. ಸರಕು ಎಷ್ಟು ಟನ್ ಅಂತಲೂ ಇರುತ್ತದೆ. ಒಂದನ್ನು ಇನ್ನೊಂದರಿಂದ ಭಾಗಿಸಲು ಫೋನಿನ ಕ್ಯಾಲ್ಕುಲೇಟರ್ ಸಾಕು.